ಇಪ್ಪತ್ತೆಂಟು ಇಂಚು

ನಮ್ಮ ಅಡುಗೆಕೋಣೆಯ ಪ್ಲೈವುಡ್ಡಿಗೆ ಜೀವಮಾನದ ಗ್ಯಾರಂಟಿ ಇದೆ. ಅಂಗಡಿಯವರು ಮೊಹರು ಒತ್ತಿ ಕೊಟ್ಟ ಕಾಗದ ಈಗಲೂ ನನ್ನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿದೆ. ಯಾರ ಜೀವಮಾನ ಎಂದು ಅದರಲ್ಲಿ ಬರೆದಿಲ್ಲ. ಅಂಗಡಿಗೆ ಹೋಗಿ ಅದನ್ನೊಮ್ಮೆ ಕೇಳಿ ಜಗಳ ತೆಗೆಯಬೇಕು ಎಂದು ಒಂದೆರಡು ಸಲ ಅನ್ನಿಸಿದ್ದಿದೆ. ಜಗಳಕ್ಕೆ ನಾನು ಯಾವಾಗಲೂ ತಯಾರು. ಆದರೆ ಈ ವಿಷಯದಲ್ಲಿ ಬೈಯಬೇಕಾದವಳೂ ನಾನೇ, ಬೈಸಿಕೊಳ್ಳಬೇಕಾದವಳೂ ನಾನೇ. ಅದಕ್ಕೆ ಉಡುಪಿಯವರೆಗೆ ಹೋಗಬೇಕಾಗಿಲ್ಲ, ಅಂಬಲಪಾಡಿಯ ಈ ಮೂರನೇ ಮಾಳಿಗೆಯಲ್ಲೇ ಆಗುತ್ತದೆ.

ನಾವು ಇಬ್ಬರು ಅಕ್ಕತಂಗಿಯರು. ನಾನು ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಓದಿಸಿದ್ದು ಅಕ್ಕನ ಅಡುಗೆ. ಕಾಪುವಿನ ಬಾಡಿಗೆ ಮನೆಯಲ್ಲಿ ಅವಳು ಬೆಳಗ್ಗೆ ನಾಲ್ಕಕ್ಕೆ ಎದ್ದು ಸೀಮಂತಕ್ಕೆ, ಹುಟ್ಟುಹಬ್ಬಕ್ಕೆ, ಮೆಹಂದಿಗೆ ಅಡುಗೆ ಮಾಡಿ ಕಳಿಸುತ್ತಿದ್ದಳು. ಅವಳ ಕೋಳಿ ಸುಕ್ಕ, ಅವಳ ಪತ್ರೊಡೆ, ಬಟ್ಟೆಯ ಹಾಗೆ ಮಡಚಿಡುವ ಅವಳ ನೀರುದೋಸೆ. ಉಚ್ಚಿಲದಿಂದ ಶಂಕರಪುರದವರೆಗೆ ಯಾರಾದರೂ ಊಟದ ಮಧ್ಯೆ ತಲೆಯೆತ್ತಿ, "ಯಾರ ಅಡುಗೆ ಇದು?" ಎಂದು ಕೇಳಿದರೆ ಅಕ್ಕ ಬಾಗಿಲ ಹಿಂದಿನಿಂದಲೇ, "ನಾನೇ. ಮತ್ತೆ ಯಾರು?" ಅನ್ನುತ್ತಿದ್ದಳು. ಅದರಲ್ಲಿ ಸ್ವಲ್ಪ ಜಂಬ ಇತ್ತು. ಅವಳಿಗೆ ಅಷ್ಟು ಜಂಬ ಇರಬೇಕಾದದ್ದೇ. ನನಗಂತೂ ಅಡುಗೆ ಬಾರದು. ನಲವತ್ತನಾಲ್ಕು ವರ್ಷ ವಯಸ್ಸಿನವರೆಗೂ ಅವಳು ಮಾಡಿದ ಚಹಾವನ್ನೇ ಕುಡಿದವಳು ನಾನು.

ನಮ್ಮ ನಡುವಿನ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ದನಿಯನ್ನು ಬರೆಯಲು ನನ್ನಿಂದಾಗುವುದಿಲ್ಲ.

ಒಂದು ಬೇಸಗೆಯಲ್ಲಿ ಹಲಸಿನ ಹಪ್ಪಳ ಒಣಗಿಸಲು ತಾರಸಿಗೆ ಹೋದವಳು ಕಬ್ಬಿಣದ ಏಣಿಯಿಂದ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದದ್ದು ಗಾಲಿಕುರ್ಚಿಯಲ್ಲಿ. ಸೊಂಟದಿಂದ ಕೆಳಗೆ ಜೀವವಿಲ್ಲ. ಮೊದಲ ಕೆಲವು ತಿಂಗಳು ಅವಳು ಗೋಡೆ ನೋಡಿಕೊಂಡು ಮಲಗುತ್ತಿದ್ದಳು, ನಾನು ಹೋಟೆಲಿನ ಪೊಟ್ಟಣ ಬಿಚ್ಚಿ ತಟ್ಟೆಗೆ ಹಾಕುತ್ತಿದ್ದೆ. ಅವಳು ಎರಡು ತುತ್ತು ತಿಂದು, "ಇದು ಯಾರು ಮಾಡಿದ್ದು? ಉಪ್ಪಿಲ್ಲ, ಹುಳಿಯಿಲ್ಲ" ಎಂದು ತಟ್ಟೆ ದೂಡುತ್ತಿದ್ದಳು. ಒಂದು ದಿನ ಅವಳೇ ಹೇಳಿದಳು, "ನಿಮ್ಮ ಕಾಲೇಜಿನಲ್ಲಿ ಹಳೆ ಡೆಸ್ಕ್ ಉಂಟಲ್ಲ, ಒಂದು ತಾ ಮಾರಾಯ್ತಿ. ಅದರ ಮೇಲೆ ಒಲೆ ಇಟ್ಟು ನೋಡುವ."

ತಂದುಕೊಟ್ಟೆ. ಡೆಸ್ಕಿನ ಅಡಿಯಲ್ಲಿ ಅವಳ ಮೊಣಕಾಲು ಸರಿಯಾಗಿ ಹೋಯಿತು. ಗ್ಯಾಸಿನ ಒಲೆ ಅವಳ ಎದೆಯ ಮಟ್ಟಕ್ಕೆ ಬಂತು. ಪಾತ್ರೆಯೊಳಗೆ ಬಗ್ಗಿ ನೋಡಲು ಆಗುತ್ತಿತ್ತು. ಎಷ್ಟೋ ತಿಂಗಳ ನಂತರ ನಮ್ಮ ಮನೆಯಲ್ಲಿ ಸಾಸಿವೆ ಸಿಡಿದ ಸದ್ದಾಯಿತು. ನಾನು ಜಗಲಿಗೆ ಹೋಗಿ ಅತ್ತೆ. ಒಳಗಿನಿಂದ ಅವಳು, "ಕರಿಬೇವು ಯಾರು ತರುವುದು, ನಿನ್ನ ಪ್ರಿನ್ಸಿಪಾಲರಾ?" ಎಂದು ಕೂಗಿದಳು. ಮರುದಿನ ಟೇಪು ಹಿಡಿದು ಡೆಸ್ಕಿನ ಎತ್ತರ ಅಳೆದೆ. ಇಪ್ಪತ್ತೆಂಟು ಇಂಚು.

ಕಾಪುವಿನ ಆ ಮನೆಯಲ್ಲಿ ಗಾಲಿಕುರ್ಚಿ ಅಡುಗೆಕೋಣೆ ಬಿಟ್ಟರೆ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಬಚ್ಚಲು ಹೊರಗೆ, ಎದುರಿಗೆ ಐದು ಮೆಟ್ಟಿಲು. ಅಪ್ಪನ ಪಾಲಿಗೆ ಬಂದಿದ್ದ ತುಂಡು ಜಾಗ ಮಾರಿ, ಉಳಿದದ್ದಕ್ಕೆ ಸಾಲ ಮಾಡಿ, ಲಿಫ್ಟ್ ಇರುವ ಫ್ಲಾಟು ತೆಗೆದುಕೊಂಡೆ. ಬಿಲ್ಡರ್ ಹತ್ತಿರ ಅಡುಗೆ ಕಟ್ಟೆ ಮಾತ್ರ ಕಟ್ಟಬೇಡಿ, ನಾವೇ ಮಾಡಿಸಿಕೊಳ್ಳುತ್ತೇವೆ ಎಂದೆ. ಆ ಫ್ಲಾಟಿನಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಇಪ್ಪತ್ತೆಂಟು ಇಂಚಿನ ಕಟ್ಟೆ, ಒಲೆಯ ಕೆಳಗೆ ಕಾಲು ಹೋಗುವಷ್ಟು ಖಾಲಿ ಜಾಗ. ಅಕ್ಕ ಅಲ್ಲಿ ಮತ್ತೆ ಅಕ್ಕ ಆಗಬೇಕು. ಉಳಿದದ್ದು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಪ್ಲೈವುಡ್ ಎಂದರೆ ಪ್ಲೈವುಡ್ ಎಂದುಕೊಂಡಿದ್ದವಳು ನಾನು. ಮೊದಲ ಅಂಗಡಿಯಲ್ಲೇ ನನ್ನ ಸೊಕ್ಕು ಇಳಿಯಿತು. ಅಂಗಡಿಯವರು ಮೂರು ಹಲಗೆ ನಿಲ್ಲಿಸಿ, "ಇದು ಕಮರ್ಷಿಯಲ್, ಇದು ವಾಟರ್‌ಪ್ರೂಫ್, ಇದು ಮೆರೈನ್" ಅಂದರು.

"ಮೂರೂ ಒಂದೇ ಥರ ಕಾಣ್ತದಲ್ಲ?"

"ಕಾಣ್ತದೆ ಮೇಡಂ. ಅದೇ ಕಷ್ಟ."

ದಪ್ಪ ಕೇಳಿದರು, ಎಷ್ಟು ಶೀಟು ಎಂದು ಕೇಳಿದರು, ಒಳಗೆ ಯಾವ ಲ್ಯಾಮಿನೇಟ್, ಹೊರಗೆ ಯಾವುದು ಎಂದು ಕೇಳಿದರು. ನಾನು ನಿಜ ಹೇಳಿದೆ. ಅಕ್ಕ ವೀಲ್‌ಚೇರಿನಲ್ಲಿ ಕೂತು ಅಡುಗೆ ಮಾಡುವವಳು, ಅವಳಿಗೆ ಬೇಕಾದ ಹಾಗೆ ತಗ್ಗಿನ ಕಟ್ಟೆ ಮಾಡಿಸಬೇಕು ಅಂದೆ. ಅವರು ಪೆನ್ನು ಕೆಳಗಿಟ್ಟರು. "ಅಯ್ಯೋ ಪಾಪ" ಅಂದರು. ಹೇಗೆ ಬಿದ್ದದ್ದು, ಎಲ್ಲಿ ಬಿದ್ದದ್ದು, ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದ್ದೀರಾ, ನಾಗದೋಷ ಉಂಟಾ. ಕೊನೆಗೆ ದನಿ ತಗ್ಗಿಸಿ, ಒಳ್ಳೆಯ ಮನಸ್ಸಿನಿಂದಲೇ, "ಹಾಗಾದ್ರೆ ಕಮರ್ಷಿಯಲ್ ಸಾಕು ಮೇಡಂ. ಇಂಥವರಿಗೆ ಎಂತಕ್ಕೆ ಅಷ್ಟು ಖರ್ಚು? ಎಷ್ಟು ವರ್ಷ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ನನ್ನ ಮೈಯೆಲ್ಲ ಉರಿಯಿತು. ಅವರ ಪೆನ್ನನ್ನು ಅವರ ಕಡೆಗೇ ದೂಡಿ ಎದ್ದು ಬಂದೆ. ಬಸ್ಸಿನಲ್ಲಿ ಕೂತು, ಇನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದೆ. ಎರಡನೇ ಅಂಗಡಿಯಲ್ಲಿ, ಕಟ್ಟೆ ಯಾಕೆ ತಗ್ಗು ಎಂದು ಕೇಳಿದಾಗ, "ಅಕ್ಕನಿಗೆ ಸ್ವಲ್ಪ ಕಾಲುನೋವು" ಅಂದೆ. ಅವರು "ಓ" ಅಂದು ಮುಂದಿನ ಪ್ರಶ್ನೆಗೆ ಹೋದರು. ಎಷ್ಟು ಸುಲಭ ಅನ್ನಿಸಿತು. ಆಮೇಲೆ ಅದೇ ಮಾತನ್ನು ಎಲ್ಲ ಕಡೆ ಹೇಳಿದೆ. ಲ್ಯಾಮಿನೇಟಿನ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಎದುರಿನ ಫ್ಲಾಟಿನವರು ಲಿಫ್ಟಿನಲ್ಲಿ ಮಾತಾಡಿಸಿದಾಗ. ಅಕ್ಕನಿಗೆ ಸ್ವಲ್ಪ ಕಾಲುನೋವು. ಎರಡು ಕಾಲೂ ಸತ್ತವಳಿಗೆ ನಾನು ಕೊಟ್ಟ ಹೆಸರು ಅದು.

ಎರಡನೇ ಅಂಗಡಿಯವರು ಮೂರು ಬಗೆಯ ಪ್ಲೈಯ ತುಂಡುಗಳನ್ನು ಸ್ಯಾಂಪಲ್ ಎಂದು ಕೊಟ್ಟರು. ಮೆರೈನ್ ತುಂಡನ್ನು ಬೆರಳಿನಿಂದ ಕುಟ್ಟಿ, "ಇದನ್ನು ನೀರಲ್ಲಿ ಕುದಿಸಿದ್ರೂ ಏನೂ ಆಗುದಿಲ್ಲ" ಅಂದರು. ಮನೆಗೆ ತಂದು ಅಕ್ಕನ ಮಡಿಲಿಗೆ ಹಾಕಿದೆ.

"ಮೆರೈನಾ? ನಾವು ಅಡುಗೆಕೋಣೆ ಮಾಡುವುದಾ, ದೋಣಿ ಮಾಡುವುದಾ?" ಅಂದಳು.

"ಕುದಿಸಿದ್ರೂ ಬಿಡುದಿಲ್ಲವಂತೆ."

"ಹಾಗಾದ್ರೆ ಕುದಿಸಿಯೇ ನೋಡುವ. ಬಾಯಿಮಾತು ಎಂತಕ್ಕೆ?"

ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದನ್ನು ತೆಗೆಸಿದಳು. ತುಂಡುಗಳ ಮೂಲೆಯಲ್ಲಿ ಚೂರಿಯಿಂದ ಒಂದು ಗೀರು, ಎರಡು ಗೀರು, ಮೂರು ಗೀರು ಹಾಕಿದಳು. ನೀರು ಕುದಿದ ಮೇಲೆ ಮೂರನ್ನೂ ಬಿಟ್ಟು ಮುಚ್ಚಳ ಮುಚ್ಚಿದಳು. "ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ಇರ್ಲಿ. ಆರಿಸಿ ಇನ್ನೊಮ್ಮೆ ಬೇಯಿಸುವ" ಅಂದಳು. ಮನೆಯೆಲ್ಲ ಅಂಟಿನ ವಾಸನೆ. ಅವಳು ಸೌಟಿನಿಂದ ಅವನ್ನು ಮಗುಚುತ್ತ ಅಡುಗೆಯವರ ಗಾಂಭೀರ್ಯದಲ್ಲಿ ಕೂತಿದ್ದಳು. ಒಂದು ಗೀರಿನದ್ದು ಮೊದಲ ಕುದಿಯಲ್ಲೇ ಪದರ ಪದರವಾಗಿ ಬಿಟ್ಟಿತು. ಎರಡು ಗೀರಿನದ್ದು ಮರುದಿನದ ಕುದಿಗೆ ಅಂಚಿನಲ್ಲಿ ಊದಿಕೊಂಡಿತು. ಮೂರು ಗೀರಿನ ಮೆರೈನನ್ನು ಅವಳು ಚಿಮಟದಲ್ಲಿ ಎತ್ತಿ, ಒರೆಸಿ, ಕಣ್ಣಿನ ಹತ್ತಿರ ಹಿಡಿದು, ಹಲ್ಲಿನಿಂದಲೂ ಒಮ್ಮೆ ಕಚ್ಚಿ ನೋಡಿದಳು.

"ಇದು ಬೇಯ್ಲಿಲ್ಲ" ಅಂದಳು. "ಇದನ್ನೇ ತೆಗೆದುಕೊಳ್ಳುವ."

ಬಿದ್ದ ಮೇಲೆ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಆ ಎರಡು ದಿನ ಮಾತ್ರ.

ಬೇಯದ ಪ್ಲೈಯ ಬೆಲೆ ಬೆಂದದ್ದರ ಎರಡು ಪಟ್ಟು. ಉಪ್ಪುಗಾಳಿಯ ಊರಲ್ಲಿ ಬದುಕಿದವರಿಗೆ ಮರ ಊದಿಕೊಳ್ಳುವುದೆಂದರೆ ಏನೆಂದು ಗೊತ್ತು. ಕಾಪುವಿನ ಮನೆಯ ಕಪಾಟಿನ ಬಾಗಿಲು ಆಷಾಢದಲ್ಲಿ ಮುಚ್ಚಿದರೆ ನವರಾತ್ರಿಗೆ ತೆರೆಯುತ್ತಿತ್ತು. ಹಾಗಾಗಿ ಅಡುಗೆಕೋಣೆಗೆ ಒಳ್ಳೆಯದೇ ಆಗಬೇಕೆಂದು ಹಟ ಹಿಡಿದೆ. ಡೈರಿಯಲ್ಲಿ ಬರೆದಿದ್ದ ಪಟ್ಟಿಯಿಂದ ಒಂದೊಂದನ್ನೇ ಹೊಡೆದುಹಾಕಿದೆ. ಟಿವಿಯ ಹಿಂದಿನ ಅಲಂಕಾರದ ಗೋಡೆ ಬೇಡ, ಮೊಳೆ ಸಾಕು. ನನ್ನ ಕೋಣೆಯ ಕಪಾಟು ಬೇಡ, ಹಳೆಯ ಕಬ್ಬಿಣದ್ದೇ ಬರಲಿ. ದೇವರ ಮಂಟಪದ ಬದಲು ಒಂದು ಹಲಗೆ. ನನ್ನ ಮಂಚ ಬೇಡವೇ ಬೇಡ. ಅಕ್ಕ ಡೈರಿ ನೋಡಿ, "ನೀನು ಎಲ್ಲಿ ಮಲಗುವುದು?" ಎಂದು ಕೇಳಿದಳು. "ನಿನ್ನ ಅಡುಗೆಕೋಣೆಯಲ್ಲಿ" ಅಂದೆ. ಸಂತೋಷದಿಂದಲೇ ಅಂದೆ. ಬಜೆಟ್ ಹಾಕುವಾಗ ಮನುಷ್ಯರು ಗೊಣಗುತ್ತಾರೆ ಎಂದು ಕೇಳಿದ್ದೇನೆ. ನನಗೆ ಪ್ರತಿಯೊಂದು ಗೀಟು ಹೊಡೆಯುವಾಗಲೂ ಹೆಮ್ಮೆಯಾಗುತ್ತಿತ್ತು.

ಕೆಲಸಕ್ಕೆ ಸಿಕ್ಕಿದ್ದು ಕಾರ್ಕಳದ ಕಡೆಯ ಒಬ್ಬ ಹಿರಿಯ ಆಚಾರಿ. ವಯಸ್ಸು ಅರವತ್ತೈದರ ಮೇಲೆ. ಹಿಂದೆ ಹಲಸಿನ ಮರದಲ್ಲಿ ಬಾಗಿಲು, ತೊಟ್ಟಿಲು ಮಾಡಿದ ಕೈ. ಈಗ ಪ್ಲೈವುಡ್ ಕತ್ತರಿಸುತ್ತಿತ್ತು. ಪ್ಲೈಯನ್ನು ಅವರು ಮುಟ್ಟುವ ರೀತಿಯಲ್ಲೇ ಅದರ ಮೇಲೆ ಗೌರವ ಇಲ್ಲ ಎಂದು ಗೊತ್ತಾಗುತ್ತಿತ್ತು. ಆದರೂ ಅಂಚು ಕೂಡಿಸಿದರೆ ಉಗುರು ಹೋಗದ ಹಾಗೆ ಕೂಡಿಸುತ್ತಿದ್ದರು. ಅವರ ಕೈಗೆ ನಾನು ಚೀಟಿ ಕೊಟ್ಟೆ. ಉದ್ದ ಇಷ್ಟು, ಅಗಲ ಇಷ್ಟು, ಎತ್ತರ ಇಪ್ಪತ್ತೆಂಟು ಇಂಚು, ಒಲೆಯ ಕೆಳಗೆ ಖಾಲಿ.

"ಇಪ್ಪತ್ತೆಂಟಾ ಅಮ್ಮ? ಮೂವತ್ತಮೂರು ಮೂವತ್ತನಾಲ್ಕು ಎಲ್ಲರೂ ಮಾಡ್ಸುದು."

"ನಮಗೆ ಸ್ವಲ್ಪ ತಗ್ಗು ಬೇಕು ಆಚಾರ್ರೇ."

"ಆಯ್ತು" ಅಂದರು. ಅವರು ಕಾರಣ ಕೇಳಲಿಲ್ಲ. ನನಗೆ ಹಾಯೆನಿಸಿತು.

ಕಟ್ಟೆಯ ಮೇಲಿನ ಕರಿಕಲ್ಲು ಆರಿಸಲು ಒಂದು ಭಾನುವಾರ ಅವರ ಜೊತೆ ಕಾರ್ಕಳಕ್ಕೆ ಹೋದೆ. ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ಅವರು ತಮ್ಮಷ್ಟಕ್ಕೇ ಮಾತು ತೆಗೆದರು. ಅವರ ಅಜ್ಜ, ಅಪ್ಪ ಎಲ್ಲ ಆಯ ನೋಡದೆ ಒಂದು ಮಣೆಯನ್ನೂ ಮಾಡಿದವರಲ್ಲವಂತೆ. ಅಳತೆಗಳನ್ನು ಕೂಡಿಸಿ, ಕೋಲು ಅಂಗುಲಕ್ಕೆ ಇಳಿಸಿ, ಭಾಗಿಸಿ, ಉಳಿದ ಶೇಷ ಆಯುಸ್ಸಿನ ಯಾವ ಘಟ್ಟಕ್ಕೆ ಬರುತ್ತದೆ ಎಂದು ನೋಡಬೇಕು. ಬಾಲ್ಯ, ಕೌಮಾರ, ಯೌವನ, ವಾರ್ಧಕ್ಯ, ಮರಣ. ಮರಣಕ್ಕೆ ಬಂದರೆ ಅಳತೆ ಬದಲಿಸಬೇಕು. "ಪ್ಲೈವುಡ್ ಬಂದ ಮೇಲೆ ನಾನೂ ಅದನ್ನೆಲ್ಲ ಬಿಟ್ಟಿದ್ದೆ ಅಮ್ಮ. ಕಂಪೆನಿ ಹಲಗೆಗೆ ಎಂತ ಆಯ ಅಂತ. ನನ್ನ ಹೆಂಡತಿಗೆ ಒಂದು ಮಂಚ ಮಾಡಿದೆ, ಉಳಿದ ತುಂಡುಗಳಲ್ಲಿ, ಗಡಿಬಿಡಿಯಲ್ಲಿ. ಲೆಕ್ಕ ಹಾಕ್ಲಿಲ್ಲ. ಅದೇ ಮಂಚದಲ್ಲಿ, ಅದೇ ವರ್ಷ ಅವಳು ಹೋದದ್ದು. ಆಮೇಲೆ ಅಳೆದು ನೋಡಿದೆ." ಅವರು ಕಿಟಕಿಯ ಹೊರಗೆ ನೋಡಿದರು. "ಈಗ ಯಾರು ನಗಾಡಿದ್ರೂ ನಾನು ಲೆಕ್ಕ ಹಾಕದೆ ಗರಗಸ ಇಡುದಿಲ್ಲ."

ಆ ಕ್ಷಣದಲ್ಲಿ ನಾನು ಹೇಳಬಹುದಿತ್ತು. ಒಬ್ಬ ಮುದುಕರು ತಮ್ಮ ಎದೆಯೊಳಗಿನದ್ದನ್ನು ತೆಗೆದು ನನ್ನ ಮುಂದೆ ಇಟ್ಟಿದ್ದರು. ಅವರು "ಇಂಥವರಿಗೆ ಎಂತಕ್ಕೆ" ಎನ್ನುವ ಜಾತಿಯವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾಗಿತ್ತು. ಆದರೂ ಬಾಯಿ ಬರಲಿಲ್ಲ. ಸುಳ್ಳು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿತ್ತು. "ಹೌದಾ, ಪಾಪ" ಅಂದೆ. ನಾನು ಯಾವ ಮಾತಿಗೆ ಉರಿದು ಬೀಳುತ್ತಿದ್ದೆನೋ ಅದನ್ನೇ ಅವರಿಗೆ ಕೊಟ್ಟೆ. ಕಲ್ಲಿನ ಧೂಳಿನ ನಡುವೆ ನಿಂತು ನಾವು ಕಪ್ಪನೆಯ, ಕನ್ನಡಿಯ ಹಾಗೆ ಹೊಳೆಯುವ ಒಂದು ಚಪ್ಪಡಿ ಆರಿಸಿದೆವು.

ಕೆಲಸ ಶುರುವಾದ ಎರಡನೇ ವಾರ ಅಕ್ಕನಿಗೆ ಜ್ವರ ಬಂತು. ಕೂತು ಕೂತು, ಕುರ್ಚಿಯ ಬೆನ್ನಿಗೆ ಉಜ್ಜಿ, ಸೊಂಟದ ಮೇಲ್ಗಡೆ ಹುಣ್ಣಾಗಿತ್ತು. ನನಗೆ ತೋರಿಸದೆ ಮುಚ್ಚಿಟ್ಟಿದ್ದಳು. ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದೆ. ಹದಿನೆಂಟು ದಿನ. ನಾನು ಅಲ್ಲಿಂದಲೇ ಆಫೀಸಿಗೆ ಹೋಗಿ ಅಲ್ಲಿಗೇ ಬರುತ್ತಿದ್ದೆ. ಕೆಲಸ ನಡೆಯುವಾಗ ಫ್ಲಾಟಿನ ಕಡೆ ಹೋಗಲು ಆಗಲೇ ಇಲ್ಲ. ಒಂದು ಮಧ್ಯಾಹ್ನ ಡ್ರೆಸ್ಸಿಂಗ್ ಮಾಡುವಾಗ ಅಕ್ಕ ಹಲ್ಲು ಕಚ್ಚಿಕೊಂಡು ನನ್ನ ಕೈ ಹಿಡಿದಿದ್ದಳು. ಫೋನು ಬಂತು. ಆಚಾರಿ.

"ಅಮ್ಮ, ಎಲ್ಲಿದ್ದೀರಿ?"

"ಆಫೀಸಿನಲ್ಲಿ" ಅಂದೆ. ಅಕ್ಕನ ಪಕ್ಕದಲ್ಲಿ ನಿಂತೇ ಅಂದೆ.

"ಆ ಇಪ್ಪತ್ತೆಂಟು ಒಳ್ಳೆ ಲೆಕ್ಕಕ್ಕೆ ಬರುದಿಲ್ಲ. ಉದ್ದ ಎತ್ತರ ಕೂಡಿಸಿ ನೋಡಿದೆ. ನನಗೆ ಮನಸ್ಸು ಒಪ್ಪುದಿಲ್ಲ. ಸ್ವಲ್ಪ ಎತ್ತರ ಮಾಡ್ಲಾ?"

ನರ್ಸು ಹತ್ತಿ ಎಳೆದರು. ಅಕ್ಕನ ಉಗುರು ನನ್ನ ಅಂಗೈಗೆ ಹೊಕ್ಕಿತು. "ಸ್ವಲ್ಪ ತಾನೇ? ನಿಮಗೆ ಸರಿ ಕಂಡ ಹಾಗೆ ಮಾಡಿ ಆಚಾರ್ರೇ" ಎಂದು ಫೋನು ಇಟ್ಟೆ. ಸ್ವಲ್ಪ ಎಂದರೆ ಅರ್ಧ ಇಂಚು, ಒಂದು ಇಂಚು ಎಂದುಕೊಂಡೆ. ಹಾಗೆ ಎಂದುಕೊಂಡೆ ಎಂದು ಈಗ ಹೇಳುತ್ತಿದ್ದೇನೆ. ಆಗ ಏನನ್ನೂ ಅಂದುಕೊಂಡಿರಲಿಲ್ಲ.

ಕೆಲಸ ಮುಗಿದ ಮೇಲೆ ಒಮ್ಮೆ ಹೋದೆ. ಸಂಜೆ, ಆಫೀಸಿನಿಂದ ಆಸ್ಪತ್ರೆಗೆ ಹೋಗುವ ನಡುವೆ, ಹತ್ತು ನಿಮಿಷ. ಕರಿಕಲ್ಲು ಹೊಳೆಯುತ್ತಿತ್ತು. ಬಾಗಿಲುಗಳು ಬೆರಳು ತಾಗಿಸಿದರೆ ತೆರೆದುಕೊಳ್ಳುತ್ತಿದ್ದವು, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ಅಂಗೈಯಿಂದ ಸವರಿದೆ. ನನಗೆ ಎಲ್ಲ ಸರಿಯಾಗಿಯೇ ಕಂಡಿತು. ಎರಡು ಕಾಲಿನ ಮೇಲೆ ನಿಂತವಳಿಗೆ ಸರಿಯಾಗಿ ಕಾಣದೆ ಇನ್ನೇನು? ಟೇಪು ಚೀಲದಲ್ಲೇ ಇತ್ತು, ತೆಗೆಯಲಿಲ್ಲ, ಒಲೆ ಇಡುವ ಕಡೆ ಬಗ್ಗಿಯೂ ನೋಡಲಿಲ್ಲ. ಆಚೆ ವಾರ ಕಾಪುವಿನ ಮನೆ ಖಾಲಿ ಮಾಡುವಾಗ ಆ ಡೆಸ್ಕನ್ನು ಗುಜರಿಯವರಿಗೆ ಕೊಟ್ಟೆ. ಇನ್ನು ಇದು ಎಂತಕ್ಕೆ ಎಂದು ಅಕ್ಕನೂ ಅಂದಿದ್ದಳು.

ಹಾಲು ಉಕ್ಕಿಸುವ ದಿನ ಹೆಚ್ಚು ಜನ ಇರಲಿಲ್ಲ. ಎದುರಿನ ಫ್ಲಾಟಿನ ಹೆಂಗಸು ಬಂದಿದ್ದರು. ಆಚಾರಿ ಬಂದಿದ್ದರು, ಕೆಲಸ ಮಾಡಿದವರಿಗೆ ವೀಳ್ಯ, ಬಟ್ಟೆ ಕೊಟ್ಟು ಕಳಿಸಬೇಕಲ್ಲ. ಬಿಳಿ ಪಂಚೆ ಉಟ್ಟು ಬಾಗಿಲ ಹತ್ತಿರ ನಿಂತಿದ್ದರು. ನಾನು ಅಕ್ಕನನ್ನು ಲಿಫ್ಟಿನಿಂದ ತಳ್ಳಿಕೊಂಡು ಬಂದೆ. ಅವಳು ಹಸಿರು ಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಮುಡಿದು, ಮಡಿಲಲ್ಲಿ ಹಾಲಿನ ಪಾತ್ರೆ ಇಟ್ಟುಕೊಂಡಿದ್ದಳು. ಗಾಲಿಕುರ್ಚಿ ನೋಡಿದ ಕೂಡಲೇ ಆಚಾರಿಯ ಮುಖ ಬದಲಾದದ್ದನ್ನು ನಾನು ಕಂಡೆ. ಯಾಕೆ ಎಂದು ಆಗ ತಿಳಿಯಲಿಲ್ಲ.

ಎದುರಿನ ಮನೆಯ ಹೆಂಗಸು ಬಗ್ಗಿ, "ಅಯ್ಯೋ, ನಿಮ್ಮ ತಂಗಿ ಹೇಳಿದ್ರು, ಅಕ್ಕನಿಗೆ ಸ್ವಲ್ಪ ಕಾಲುನೋವು ಅಂತ. ಇಷ್ಟು ಉಂಟು ಅಂತ ನನಗೆ ಗೊತ್ತೇ ಇಲ್ಲ" ಅಂದರು. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಚಕ್ರ ತಿರುಗಿಸಿ ಅಡುಗೆಕೋಣೆಗೆ ಹೋದಳು.

ಟಕ್ ಎಂದು ಸದ್ದಾಯಿತು. ಕುರ್ಚಿಯ ಕಾಲಿಡುವ ಹಲಗೆ ಒಲೆಯ ಕೆಳಗಿನ ಬಾಗಿಲಿಗೆ ಬಡಿದಿತ್ತು. ಖಾಲಿ ಇರಬೇಕಾದ ಕಡೆ ಬಾಗಿಲಿತ್ತು. ಕಟ್ಟೆಯೇ ಅವಳ ಎದೆಯ ಮಟ್ಟಕ್ಕೆ ಬಂದಿತ್ತು, ಅದರ ಮೇಲೆ ಒಲೆ, ಒಲೆಯ ಮೇಲೆ ಅವಳ ಮಡಿಲಿನಿಂದ ನಾನು ಎತ್ತಿಟ್ಟ ಪಾತ್ರೆ. ಮೊಣಕಾಲು ಒಳಗೆ ಹೋಗದ್ದರಿಂದ ಕುರ್ಚಿ ಹತ್ತಿರ ಸರಿಯಲಿಲ್ಲ. ಅವಳು ಕೈ ಎತ್ತಿ ಒಲೆಯ ಗುಬುಟು ಹುಡುಕಿದಳು. ಸಿಕ್ಕಿತು, ತಿರುಗಿಸಲು ಆಗಲಿಲ್ಲ. ಕತ್ತು ಉದ್ದ ಮಾಡಿದಳು. ಮತ್ತೆ ಮಾಡಿದಳು. ಕೊನೆಗೆ ಕೈ ಮಡಿಲಿಗೆ ತಂದುಕೊಂಡು ಹೇಳಿದಳು, "ಹಾಲು ಕಾಣುದಿಲ್ಲ."

ಆಚಾರಿ ಬಾಗಿಲಿಗೆ ಕೈಯಾನಿಸಿ ನಿಂತಿದ್ದರು. "ಅಮ್ಮ, ನೀವು ಹೇಳ್ಲೇ ಇಲ್ಲ" ಅಂದರು. "ಆ ಖಾಲಿ ಜಾಗ ಸಿಲಿಂಡರಿಗೆ ಅಂತ ನಾನು ಗ್ರಹಿಸಿದ್ದು. ಚಂದ ಕಾಣ್ಲಿ ಅಂತ ಬಾಗಿಲು ಮಾಡಿದೆ. ಇಪ್ಪತ್ತೆಂಟು ಮರಣಕ್ಕೆ ಬಂತು. ಮೇಲೆ ಹೋಗ್ತಾ ಹೋಗ್ತಾ ಮೂವತ್ತಮೂರಕ್ಕೆ ಒಳ್ಳೆದು ಸಿಕ್ಕಿತು. ಎಲ್ಲರ ಮನೆಯ ಅಳತೆಯೂ ಅದೇ ಅಲ್ವಾ, ಸರಿಯಾಗ್ತದೆ ಅಂತ... ಈ ಮನೆಗೆ ಮರಣದ ಅಳತೆ ಬೇಡ ಅಂತ ಮಾಡಿದ್ದು ಅಮ್ಮ. ದೇವರಾಣೆ."

ಅಕ್ಕ ಅವರ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು.

"ಇವರಿಗೂ ನೀನು ನನ್ನ ವಿಷಯ ಹೇಳ್ಲಿಲ್ವಾ?"

ನಾನು ಒಲೆಯ ಕಡೆ ತಿರುಗಿ ಪಾತ್ರೆಯನ್ನು ಸರಿಸಿದೆ.

"ನಾಚಿಕೆ ಆಯ್ತಾ ನಿನಗೆ?"

ಆಗ ನಾನು ಮೊದಲ ಅಂಗಡಿಯವರ ಮಾತು ಹೇಳಬಹುದಿತ್ತು. ಇಂಥವರಿಗೆ ಎಂತಕ್ಕೆ ಖರ್ಚು ಎಂದರು, ಅದಕ್ಕೇ ಯಾರಿಗೂ ಹೇಳಲಿಲ್ಲ ಎನ್ನಬಹುದಿತ್ತು. ಅದು ನಿಜ ಕೂಡ. ಆದರೆ ನಿಜ ಅಷ್ಟೇ ಅಲ್ಲ ಎಂದು ಅವಳ ಕಣ್ಣೆದುರು ನಿಂತಾಗ ತಿಳಿಯಿತು. ಸಿಟ್ಟು ಒಂದೇ ಆಗಿದ್ದರೆ ಕಾರ್ಕಳದ ಬಸ್ಸಿನಲ್ಲಿ ಬಾಯಿ ತೆರೆಯುತ್ತಿದ್ದೆ. ಲಿಫ್ಟಿನಲ್ಲಿ ಎದುರಿನ ಮನೆಯವರಿಗೆ ಹೇಳುತ್ತಿದ್ದೆ. ಹೊಸ ಮನೆಗೆ, ಹೊಸ ಜನರ ನಡುವೆ, ಎಲ್ಲರ ಹಾಗೆ ಬಂದು ಸೇರಬೇಕೆಂಬ ಆಸೆ ನನಗಿತ್ತು. ಅಕ್ಕನಿಗೆ ಕಟ್ಟೆ ಮಾಡಿಸುತ್ತ ಮಾಡಿಸುತ್ತ ಅಕ್ಕನನ್ನೇ ಅಡಗಿಸಿಟ್ಟಿದ್ದೆ. ಅವಳ ಪ್ರಶ್ನೆಗೆ ಹೌದು ಎನ್ನಬೇಕಾಗಿತ್ತು. ಅದನ್ನೂ ಅನ್ನಲಿಲ್ಲ.

ಹಾಲು ಉಕ್ಕಿಸಿದ್ದು ನಾನು. ಎಲ್ಲಿ ನೋಡುತ್ತಿದ್ದೆನೋ ಗೊತ್ತಿಲ್ಲ, ಉಕ್ಕಿ ಕರಿಕಲ್ಲಿನ ಮೇಲೆಲ್ಲ ಹರಿದು, ಹೊಸ ಬಾಗಿಲುಗಳ ಮೇಲೆ ಇಳಿಯಿತು. ಎದುರಿನ ಮನೆಯವರು ತುಂಬ ಒಳ್ಳೆಯದಾಯಿತು ಅಂದರು.

ಆಚಾರಿ ವೀಳ್ಯ ತೆಗೆದುಕೊಳ್ಳಲಿಲ್ಲ. "ನಾಳೆಯೇ ಬಂದು ಒಡೆದು ಇಪ್ಪತ್ತೆಂಟಕ್ಕೆ ಇಳಿಸ್ತೇನೆ. ಒಂದು ಪೈಸೆ ಬೇಡ. ಕಲ್ಲು ಹೋದ್ರೆ ಕಲ್ಲು ನನ್ನದು" ಎಂದು ಅಕ್ಕನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಕ್ಕ ತುಂಬ ಮೃದುವಾಗಿ ಹೇಳಿದಳು, "ಬೇಡ ಆಚಾರ್ರೇ. ನೀವು ನನಗೆ ಮರಣ ಬೇಡ ಅಂತ ಮಾಡಿದ್ದು. ಹಾಗೇ ಇರ್ಲಿ." ತಾನೇ ತಟ್ಟೆ ಎತ್ತಿ ಅವರ ಕೈಗೆ ವೀಳ್ಯ ಕೊಟ್ಟಳು. ಅವರು ಅಳುತ್ತ ಹೋದರು.

ಆಮೇಲೆ ನಾನು ಬೇಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಒಡೆಸುವ ಎಂದೆ, ಬೇಡ ಎಂದಳು. ಇನ್ನೊಂದು ಡೆಸ್ಕು ತರುತ್ತೇನೆ, ಹಜಾರದಲ್ಲಿ ಒಲೆ ಇಡುವ ಎಂದೆ, ಬೇಡ ಎಂದಳು. ಒಂದು ದಿನ ಕಾಲು ಹಿಡಿದುಕೊಂಡೆ. ಹಿಡಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಕಾಲಿನಲ್ಲಿ ಜೀವವಿಲ್ಲವಲ್ಲ. ಪೇಪರು ಓದುತ್ತಿದ್ದವಳು ಕೆಳಗೆ ನೋಡಿ, "ಎಂತ, ಏನಾದ್ರೂ ಬಿತ್ತಾ?" ಅಂದಳು. ಇನ್ನೊಂದು ದಿನ ನಾನು ಕೂಗಾಡಿದಾಗ ಮಾತ್ರ ಸ್ವಲ್ಪ ಉದ್ದಕ್ಕೆ ಮಾತಾಡಿದಳು. "ಎಂತಕ್ಕೆ ಒಡೆಯುವುದು ಮಾರಾಯ್ತಿ? ಎಲ್ಲರ ಮನೆಯ ಹಾಗೇ ಉಂಟಲ್ಲ. ಯಾರಾದ್ರೂ ಬಂದ್ರೆ ಕೇಳುದಿಲ್ಲ. ನಿನಗೂ ಹೇಳ್ಲಿಕ್ಕೆ ಇರುದಿಲ್ಲ." ಸಿಟ್ಟಿನಿಂದ ಹೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಈಗ ಅಡುಗೆ ನನ್ನದು. ಮೊದಮೊದಲು ಅಡುಗೆಕೋಣೆಯ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿ ಹೇಳಿಕೊಡಲಿ ಎಂದು ಕಾದೆ. ಅವಳು ಹಜಾರದ ಕಿಟಕಿಯ ಹತ್ತಿರವೇ ಇದ್ದಳು. ಸಾಸಿವೆ ಸೀದರೆ ವಾಸನೆ ಅಲ್ಲಿಗೂ ಹೋಗುತ್ತದೆ. ಒಂದು ಕಾಲದಲ್ಲಿ ಪಕ್ಕದ ಮನೆಯಲ್ಲಿ ಸೀದರೂ ನಮ್ಮ ಮನೆಯಿಂದಲೇ ಕೂಗುತ್ತಿದ್ದವಳು ಈಗ ಮೂಗು ಕೂಡ ಅಲ್ಲಾಡಿಸುವುದಿಲ್ಲ. ನಾನು ಉಪ್ಪು ಮರೆತರೂ ತಿನ್ನುತ್ತಾಳೆ, ಎರಡು ಸಲ ಹಾಕಿದರೂ ತಿನ್ನುತ್ತಾಳೆ. ಒಮ್ಮೆ ಬೇಕೆಂದೇ ಸಾರಿಗೆ ಉಪ್ಪೂ ಹುಳಿಯೂ ಹಾಕಲಿಲ್ಲ. ಹೋಟೆಲಿನ ಪೊಟ್ಟಣ ದೂಡಿದ ಹಾಗೆ ತಟ್ಟೆ ದೂಡಲಿ, ಬೈಯಲಿ ಎಂದು. ಪೂರ್ತಿ ಊಟ ಮಾಡಿ, "ಸಾಕು" ಎಂದು ಕೈ ತೊಳೆದಳು.

ಮೊನ್ನೆ ನಾನು ಪತ್ರೊಡೆ ಮಾಡಿದೆ. ಅವಳ ಕೈ ಕೆಲಸ ನೋಡಿದ ನೆನಪಿನಿಂದ, ನಾಲ್ಕು ಸಲ ಕೆಡಿಸಿ, ಐದನೇ ಸಲ ಹೇಗೋ ಬಂತು. ಅಷ್ಟರಲ್ಲಿ ಎದುರಿನ ಮನೆಯವರು ಬಂದರು, ಅವರಿಗೂ ಎರಡು ತುಂಡು ಕೊಟ್ಟೆ. ಅವರು ತಿಂದು, ಸೌಜನ್ಯಕ್ಕೋ ಏನೋ, "ಒಳ್ಳೆದುಂಟಲ್ಲ! ಯಾರ ಅಡುಗೆ ಇದು?" ಎಂದು ಅಕ್ಕನ ಕಡೆ ತಿರುಗಿ ಕೇಳಿದರು.

ನಾನು ಅಡುಗೆಕೋಣೆಯಲ್ಲಿ, ಆ ಕರಿಕಲ್ಲಿಗೆ ಎರಡೂ ಕೈ ಊರಿ ನಿಂತಿದ್ದೆ.

"ಅವಳೇ. ಮತ್ತೆ ಯಾರು?" ಅಂದಳು ಅಕ್ಕ. "ನನಗೆ ಸ್ವಲ್ಪ ಕಾಲುನೋವು."